ಒಬ್ಬಳೇ ಬಂದವಳಿಗೆ ಒಂದು ರಾತ್ರಿಯ ನೆಲೆ



ಎಂ.ಟೆಕ್ ಮುಗಿಸಿ ಸಂದರ್ಶನಕ್ಕೆಂದು ಮೊದಲ ಸಲ ಮುಂಬಯಿಗೆ ಬಂದಾಗ, ಸಾಂತಾಕ್ರೂಜ್ ಪೂರ್ವದ ಒಂದು ಲಾಡ್ಜಿನಲ್ಲಿ ಆನ್‌ಲೈನ್‌ನಲ್ಲೇ ರೂಮು ಬುಕ್ ಮಾಡಿದ್ದೆ. ರಾತ್ರಿ ಹತ್ತಕ್ಕೆ ಹೋಗಿ ನಿಂತರೆ, "ಜೊತೆಗೆ ಯಾರೂ ಇಲ್ಲವೇ? ಒಂಟಿ ಹೆಂಗಸರಿಗೆ ಕೊಡುವುದಿಲ್ಲ" ಎಂದರು. ಹಣ ಕಟ್ಟಿಯಾಗಿತ್ತು, ಆಧಾರ್ ಕಾರ್ಡ್ ಕೈಯಲ್ಲೇ ಇತ್ತು. ಅವರು ಹೇಳಿದಂಥ ಕಾನೂನೇ ಇಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ವಾಕೋಲದಲ್ಲಿದ್ದ ನಮ್ಮೂರಿನ ಅಕ್ಕ ಬಂದು ಮನೆಗೆ ಕರೆದೊಯ್ದರು.

ಅಂದಿನಿಂದ ನಾನು ಬರೀ ಬಾಡಿಗೆ ನೋಡಿ ರೂಮು ಹಿಡಿಯುವುದಿಲ್ಲ. ಸ್ಟೇಷನ್ನಿನಿಂದ ದೂರವಾದರೆ ಉಳಿಸಿದ ದುಡ್ಡು ರಿಕ್ಷಾಕ್ಕೆ ಹೋಗುತ್ತದೆ. ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಮೀಟರಿನ ಮೇಲೆ ಶೇ. 25 ಹೆಚ್ಚು. ಬುಕ್ ಮಾಡಿದ ಮೇಲೆ ಹೋಟೆಲಿಗೇ ಫೋನ್ ಮಾಡಿ, "ಒಬ್ಬಳೇ ಬರುತ್ತೇನೆ, ಇಷ್ಟು ಹೊತ್ತಿಗೆ" ಎಂದು ಹೇಳಿ, ಅವರ ಒಪ್ಪಿಗೆಯನ್ನು ಮೆಸೇಜಿನಲ್ಲಿ ಪಡೆಯಿರಿ. ಫೋರ್ಟ್‌ನ ಮೇಡಂ ಕಾಮಾ ರಸ್ತೆಯಲ್ಲಿ ವೈಡಬ್ಲ್ಯೂಸಿಎ ಅತಿಥಿಗೃಹವಿದೆ. ಖಚಿತ ಟಿಕೆಟ್ ಇದ್ದರೆ ರೈಲ್ವೆಯ ರಿಟೈರಿಂಗ್ ರೂಮನ್ನು ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ತೊಂದರೆಯಾದರೆ 112, ಮುಂಬಯಿ ಪೊಲೀಸರ ಮಹಿಳಾ ಸಹಾಯವಾಣಿ 103.

ಆದರೆ ಎಲ್ಲರಿಗೂ ವಾಕೋಲದಲ್ಲಿ ಒಬ್ಬ ಅಕ್ಕ ಇರುವುದಿಲ್ಲ. ಮಂಗಳೂರಿನಿಂದ ಮತ್ಸ್ಯಗಂಧ ಹತ್ತಿ ಕುರ್ಲಾದಲ್ಲಿ ಇಳಿಯುವ ಹುಡುಗಿಯ ಪರವಾಗಿ ನಮ್ಮಲ್ಲೊಬ್ಬರು ಮೊದಲೇ ಹೋಗಿ ಆ ರೂಮು, ಆ ರಸ್ತೆ, ಬಾಗಿಲ ಚಿಲಕ ನೋಡಿ ಬಂದರೆ ಅವಳ ಅಮ್ಮ ಊರಿನಲ್ಲಿ ನೆಮ್ಮದಿಯಿಂದ ಮಲಗುತ್ತಾರೆ. ನಮಗದು ಒಂದು ಗಂಟೆಯ ಕೆಲಸ. ಯಾರು ಯಾವ ಬಡಾವಣೆಯಲ್ಲಿದ್ದೇವೆಂದು ಇಂದೇ ಒಂದು ಪಟ್ಟಿ ಮಾಡೋಣ. ಸಾಂತಾಕ್ರೂಜ್‌ಗೆ ನನ್ನ ಹೆಸರು ಬರೆದುಕೊಳ್ಳಿ.