ಸರ್ಕಾರ್ ಅಮ್ಮಾ: ಒಬ್ಬ ಅಜ್ಜಿಯ ನೆನಪು

(ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಸಭೆಗೆ ಅಜ್ಜಿಯಂದಿರು ಬಹಳ ಮಂದಿ ಬಂದಿದ್ದೀರಿ. ಹುಡುಗಿ ಹತ್ತನೆಯ ತರಗತಿ ಮುಗಿಸಿದ ಮೇಲೆ ಮುಂದೆ ಓದಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ ಎಷ್ಟೋ ಮನೆಗಳಲ್ಲಿ ಕೊನೆಯ ಮಾತು ನಿಮ್ಮದೇ. ಆದ್ದರಿಂದ ಇಂದು ಒಬ್ಬ ಅಜ್ಜಿಯ ವಿಚಾರವನ್ನೇ ಹೇಳಬೇಕೆಂದಿದ್ದೇನೆ.

ಭೋಪಾಲದ ನವಾಬ್ ಸುಲ್ತಾನ್ ಜಹಾನ್ ಬೇಗಮ್ ಹುಟ್ಟಿದ್ದು 1858ರಲ್ಲಿ, ಪಟ್ಟಕ್ಕೆ ಬಂದದ್ದು 1901ರಲ್ಲಿ. ಅಷ್ಟರಲ್ಲಾಗಲೇ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡಿದ್ದರು. ಮರುವರ್ಷವೇ ಪತಿಯೂ ತೀರಿಕೊಂಡರು. 1903ರಲ್ಲಿ ಹಜ್ಜ್ ಯಾತ್ರೆಗೆ ಹೊರಟರು. ಅದೇ ವರ್ಷ ಭೋಪಾಲದಲ್ಲಿ ಹೆಣ್ಣುಮಕ್ಕಳ ಸುಲ್ತಾನಿಯಾ ಶಾಲೆ ಆರಂಭವಾಯಿತು. ಸೂಲಗಿತ್ತಿಯರಿಗೆ ತರಬೇತಿ ಕೊಡಿಸಿದರು. ಮೌಲಾನಾ ಶಿಬ್ಲಿ ನೊಮಾನಿಯವರು ಪ್ರವಾದಿ(ಸ)ಯವರ ಚರಿತ್ರೆ ಬರೆಯಲು ಹೊರಟಾಗ ಧನಸಹಾಯ ನೀಡಿದರು. ಅವರಿಗೆ ಇದೆಲ್ಲವೂ ಇಬಾದತ್ತೇ.

ಅರಮನೆಯ ಹಣವಿತ್ತು, ಮಾಡಿದರು ಎನ್ನಬಹುದು. ಹಣವಿದ್ದ ನವಾಬರಿಗೆ ಆ ಕಾಲದಲ್ಲಿ ಬರವಿರಲಿಲ್ಲವಲ್ಲ!

1906ರಲ್ಲಿ ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಮ್ ಹುಡುಗಿಯರ ಶಾಲೆ ತೆರೆದರು. ವಿರೋಧ ಸಣ್ಣದಲ್ಲ. ಮಗಳನ್ನು ಬೇರೆ ಊರಿನ ಹಾಸ್ಟೆಲಿನಲ್ಲಿ ಬಿಡುವುದೆಂದರೆ ಮನೆತನದ ಮರ್ಯಾದೆಯ ಪ್ರಶ್ನೆ. 1914ರಲ್ಲಿ ಆ ಹಾಸ್ಟೆಲನ್ನು ಉದ್ಘಾಟಿಸಲು ಸ್ವತಃ ಭೋಪಾಲದ ಬೇಗಮ್ ಬಂದರು. ಪರ್ದಾ ಪಾಲಿಸುತ್ತಿದ್ದವರು, ಹಜ್ಜ್ ಮಾಡಿ ಬಂದವರು, ರಾಜ್ಯವನ್ನೇ ಆಳುತ್ತಿದ್ದವರು. ಅವರು ಬಂದು ನಿಂತ ಮೇಲೆ, ಓದಿದರೆ ದೀನ್ ಕೆಡುತ್ತದೆ ಎನ್ನುವವರ ಬಾಯಿ ಅರ್ಧ ಕಟ್ಟಿದಂತಾಗಿರಬೇಕು. ವಹೀದ್ ಜಹಾನ್ ಅವರು ಹುಡುಗಿಯರ ಜೊತೆಯಲ್ಲೇ ಇದ್ದು ತಾಯಿಯಂತೆ ನೋಡಿಕೊಂಡರು.

ಇನ್ನು ಮನೆಯೊಳಗಿನ ಮಾತು. 1913ರಲ್ಲಿ ಕಿರಿಯ ಮಗ ಹಮೀದುಲ್ಲಾ ಖಾನರಿಗೆ ಆಬಿದಾ ಸುಲ್ತಾನ್ ಹುಟ್ಟಿದಾಗ ಬೇಗಮರು ಆ ಕೂಸನ್ನು ತಾವೇ ಸಾಕಿದರು. ಮೊಮ್ಮಗಳಿಗೆ ಅವರು 'ಸರ್ಕಾರ್ ಅಮ್ಮಾ'. ಮುದ್ದಿನ ಅಜ್ಜಿಯೇನಲ್ಲ, ಬಹಳ ಕಟ್ಟುನಿಟ್ಟು. ಬೆಳಕು ಹರಿಯುವ ಮೊದಲೇ ಎಬ್ಬಿಸಿ ಕುರ್‌ಆನ್ ಪಾಠ, ಅದೂ ಅರ್ಥಸಹಿತ. ಬರೀ ಬಾಯಿಪಾಠ ಸಾಲದೆಂಬುದು ಅಜ್ಜಿಯ ಹಟ. ಅದೇ ಹುಡುಗಿ ಕುದುರೆ ಸವಾರಿಯನ್ನೂ ಕೋವಿ ಹಿಡಿಯುವುದನ್ನೂ ಕಲಿತಳು. ಅಷ್ಟು ಶಿಸ್ತು ನನಗಂತೂ ಅತಿಯೆನಿಸುತ್ತದೆ. ಆದರೆ ಮೊಮ್ಮಗಳು ಮುಪ್ಪಿನಲ್ಲಿ ತನ್ನ ಆತ್ಮಕಥೆ ಬರೆಯುವಾಗ ಆ ಅಜ್ಜಿಗೆ ದೊಡ್ಡ ಸ್ಥಾನವನ್ನೇ ಕೊಟ್ಟರು. ಆಬಿದಾ 2002ರಲ್ಲಿ ನಿಧನರಾದರು, ಪುಸ್ತಕ 2004ರಲ್ಲಿ ಪ್ರಕಟವಾಯಿತು.

1920ರಲ್ಲಿ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೇಗಮರೇ ಮೊದಲ ಕುಲಾಧಿಪತಿ. 1924ರ ಒಂದೇ ವರ್ಷದಲ್ಲಿ ಇಬ್ಬರು ಹಿರಿಯ ಗಂಡುಮಕ್ಕಳು ತೀರಿಕೊಂಡರು. ಅಂಥ ದುಃಖದಲ್ಲೂ ಹೊಣೆ ಬಿಡಲಿಲ್ಲ. 1926ರಲ್ಲಿ ಪಟ್ಟವನ್ನು ಹಮೀದುಲ್ಲಾ ಖಾನರಿಗೆ ಒಪ್ಪಿಸಿದರೂ 1930ರಲ್ಲಿ ಕಣ್ಣು ಮುಚ್ಚುವವರೆಗೆ ಕುಲಾಧಿಪತಿಯಾಗಿಯೇ ಇದ್ದರು.

ಅಲಿಗಢದ ಆ ಪುಟ್ಟ ಶಾಲೆ ಬೆಳೆದು ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು. ಅದರ ಪ್ರಾಂಶುಪಾಲರಾಗಿದ್ದ ನಯೀಮಾ ಖಾತೂನ್ 2024ರಲ್ಲಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಕುಲಪತಿಯಾದರು.

ಮರ್ಹೂಮಾ ಬೇಗಮರಿಗೆ ಅಲ್ಲಾಹನು ಮಗ್ಫಿರತ್ ಕರುಣಿಸಲಿ. ಆಮೀನ್. ವಸ್ಸಲಾಮ್.