ಪ್ರಯೋಗಾಲಯಕ್ಕೆ ಬಂದವರು, ಬಿಟ್ಟು ಹೋದವರು



ದೊಡ್ಡ ಕಂಪನಿಗಳು ಪ್ರತಿಭಾವಂತ ಎಂಜಿನಿಯರುಗಳನ್ನು ಹೇಗೆ ಸೆಳೆಯುತ್ತವೆ ಎಂದು ಕೇಳಿದರೆ, ಸಂಬಳ ಕೊಟ್ಟು ಎಂದು ನೀವು ತಟ್ಟನೆ ಹೇಳಬಹುದು. ಸಂಬಳ ಬೇಕು, ನಿಜ. ಆದರೆ ಅಮೆರಿಕದ ಬೆಲ್ ಪ್ರಯೋಗಾಲಯಕ್ಕೆ ಜನ ಬಂದದ್ದಕ್ಕೂ ಅದನ್ನು ಬಿಟ್ಟದ್ದಕ್ಕೂ ಬೇರೆ ಕಾರಣಗಳಿದ್ದವು.

ಈ ಪ್ರಯೋಗಾಲಯ 1925ರಲ್ಲಿ ಆರಂಭವಾಯಿತು. ಅದರ ಹಿಂದಿದ್ದ ಎ.ಟಿ. ಅಂಡ್ ಟಿ. ಕಂಪನಿಗೆ ದೂರವಾಣಿಯಲ್ಲಿ ಹೆಚ್ಚುಕಡಿಮೆ ಏಕಸ್ವಾಮ್ಯ. ಫಲಕ್ಕಾಗಿ ವರ್ಷಗಟ್ಟಲೆ ಕಾಯುವ ಶಕ್ತಿ ಅದಕ್ಕಿತ್ತು. (ಎಲ್ಲ ಕಂಪನಿಗಳಿಗೂ ಈ ಭಾಗ್ಯವಿಲ್ಲ.) 1936ರಲ್ಲಿ ಎಂ.ಐ.ಟಿ.ಯಿಂದ ವಿಲಿಯಂ ಶಾಕ್ಲಿ ಎಂಬ ತರುಣ ವಿಜ್ಞಾನಿ ಇಲ್ಲಿಗೆ ಬಂದರು. ಅವರನ್ನು ಸೆಳೆದದ್ದು, ಎಲೆಕ್ಟ್ರಾನು ಅಲೆಯಂತೆಯೂ ವರ್ತಿಸುತ್ತದೆಂದು ತೋರಿಸಿದ್ದ ಕ್ಲಿಂಟನ್ ಡೇವಿಸನ್ನರ ಜೊತೆ ಕೆಲಸ ಮಾಡುವ ಅವಕಾಶ. ಸಂಶೋಧನಾ ನಿರ್ದೇಶಕ ಮೆರ್ವಿನ್ ಕೆಲ್ಲಿಯವರು ಒಂದು ಪ್ರಶ್ನೆಯನ್ನೂ ಅವರ ತಲೆಯಲ್ಲಿ ಬಿತ್ತಿದರು: ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಟಕಟಕನೆ ಬಡಿದು ಸವೆಯುವ ಲೋಹದ ಸ್ವಿಚ್ಚುಗಳ ಬದಲು ಎಲೆಕ್ಟ್ರಾನಿಕ್ ಸಾಧನ ಏಕೆ ಬರಬಾರದು?

ಮುಂದೆ ಶಾಕ್ಲಿಯವರ ತಂಡದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಜೊತೆಯಾದರು. ಬಾರ್ಡೀನರದು ಸಿದ್ಧಾಂತ, ಬ್ರಾಟೈನರದು ಪ್ರಯೋಗದಲ್ಲಿ ಪಳಗಿದ ಕೈ. 1947ರ ಡಿಸೆಂಬರಿನಲ್ಲಿ ಇವರಿಬ್ಬರು ಜರ್ಮೇನಿಯಂ ತುಣುಕೊಂದರಿಂದ ಮೊದಲ ಟ್ರಾನ್ಸಿಸ್ಟರನ್ನು ನಡೆಸಿ ತೋರಿಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂತು.

ಅಷ್ಟರಲ್ಲಿ ತಂಡ ಒಡೆದಿತ್ತು. ಶಾಕ್ಲಿ ಮುಖ್ಯ ಕೆಲಸವನ್ನೆಲ್ಲ ತಮ್ಮ ಹತ್ತಿರವೇ ಇಟ್ಟುಕೊಂಡರು. ಬೇಸತ್ತ ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಅಲ್ಲಿ ಅತಿವಾಹಕತೆಯ ರಹಸ್ಯವನ್ನು ಬಿಡಿಸಲು ನೆರವಾಗಿ, 1972ರಲ್ಲಿ ಭೌತಶಾಸ್ತ್ರದ ಎರಡನೆಯ ನೊಬೆಲ್ ಪಡೆದರು. ಬೆಲ್ ಕಳೆದುಕೊಂಡದ್ದು ಎಂಥವರನ್ನು, ನೋಡಿ!

ಶಾಕ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಪ್ರಯೋಗಾಲಯ ತೆರೆದಾಗ ಹಳೆಯ ಸಹೋದ್ಯೋಗಿಗಳು ಅವರ ಹಿಂದೆ ಬರಲಿಲ್ಲ. ಹಾಗಾಗಿ ಹೊಸ ತರುಣರನ್ನು ಆರಿಸಿದರು. ಆರಿಸುವುದರಲ್ಲಿ ಅವರ ಕಣ್ಣು ಬಲು ಚುರುಕು. ಉಳಿಸಿಕೊಳ್ಳುವ ಕಲೆ ಮಾತ್ರ ಇರಲಿಲ್ಲ. 1957ರಲ್ಲಿ ಎಂಟು ಮಂದಿ ಒಟ್ಟಿಗೆ ಹೊರಬಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿನ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಆರಂಭಿಸಿದರು.

ಬೆಲ್ ಬಿಟ್ಟವರಲ್ಲಿ ಗಾರ್ಡನ್ ಟೀಲ್ ಎಂಬ ರಸಾಯನ ವಿಜ್ಞಾನಿಯೂ ಒಬ್ಬರು. ಶುದ್ಧ ಹರಳು ಬೆಳೆಸುವುದರಲ್ಲಿ ನಿಪುಣರಾದ ಅವರು ತಮ್ಮ ಹುಟ್ಟೂರು ಡಲ್ಲಾಸಿಗೆ ಮರಳಿ, ಆಗಿನ್ನೂ ಚಿಕ್ಕದಾಗಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದರು. ಮಾರುಕಟ್ಟೆಗೆ ಮೊದಲ ಸಿಲಿಕಾನ್ ಟ್ರಾನ್ಸಿಸ್ಟರ್ ಬಂದದ್ದು ಅಲ್ಲಿಂದಲೇ, 1954ರಲ್ಲಿ. 1985ರಲ್ಲಿ ಎಂಜಿನಿಯರುಗಳನ್ನು ಅರಸುತ್ತ ನಮ್ಮ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದದ್ದೂ ಇದೇ ಕಂಪನಿ.