ಎತ್ತರ ನೋಡಿ ಮೋಸ ಹೋಗಬೇಡಿ: ಎಳೆ ಪೈನ್ ಕಾಡಿನ ಪೈಪೋಟಿ

ಇವತ್ತು ನೇರವಾಗಿ ಅಮೆರಿಕದ ಯೆಲ್ಲೋಸ್ಟೋನ್‌ಗೆ ಹೋಗೋಣ. 1988ರ ಕಾಳ್ಗಿಚ್ಚು ಆ ರಾಷ್ಟ್ರೀಯ ಉದ್ಯಾನದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜಾಗಕ್ಕೆ ತಾಗಿತು. ಅಲ್ಲಿನ ಮುಖ್ಯ ಮರ ಲಾಡ್ಜ್‌ಪೋಲ್ ಪೈನ್. ಇದರ ಎಷ್ಟೋ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡೇ ವರ್ಷಗಟ್ಟಲೆ ಮರದಲ್ಲಿರುತ್ತವೆ. ಬೆಂಕಿಯ ಬಿಸಿಗೆ ಅಂಟು ಕರಗಿ ಬೀಜ ಉದುರುತ್ತೆ. ಹಾಗಾಗಿ ಕೆಲವು ಕಡೆ ಹೆಕ್ಟೇರಿಗೆ 5 ಲಕ್ಷಕ್ಕೂ ಮೀರಿ ಸಸಿ ಎದ್ದವು. ಅಂದ್ರೆ ನಾಲ್ಕು ಜನರ ಊಟದ ಮೇಜಿನಷ್ಟು ಜಾಗದಲ್ಲಿ ಐವತ್ತು!

ಇಷ್ಟು ಒತ್ತಾದ್ರೆ ಏನಾಗುತ್ತೆ? ನೀರಿನ ಜಗಳದಲ್ಲಿ ಚಿಕ್ಕ ಗಿಡಕ್ಕೂ ಅದರ ಬೇರಿಗೆ ತಕ್ಕಷ್ಟು ಪಾಲು ಸಿಗುತ್ತೆ. ಬೆಳಕು ಹಾಗಲ್ಲ, ಅದು ಮೇಲಿಂದ ಬರುತ್ತೆ. ಅರ್ಧ ಅಡಿ ಮುಂದಿರೋ ಗಿಡ ತನ್ನ ಪಾಲಿಗಿಂತ ಹೆಚ್ಚೇ ಬಾಚಿಕೊಳ್ಳುತ್ತೆ. ಪೈನ್‌ಗೋ ನೆರಳು ಆಗಿಬರೋದೇ ಇಲ್ಲ.

ಆದರೂ ಹೊರಗಿನಿಂದ ನೋಡಿದ್ರೆ ಕಾಡು ಚೆನ್ನಾಗೇ ಇದೆ ಅನ್ಸುತ್ತೆ. ಯಾಕೆ ಗೊತ್ತಾ? ಇಕ್ಕಟ್ಟಾದ ಮರ ಇದ್ದಬದ್ದ ಆಹಾರವನ್ನ ಮೊದಲು ತುದಿಗೆ, ಬೇರಿಗೆ ಕೊಡುತ್ತೆ. ಕಾಂಡ ದಪ್ಪವಾಗೋ ಸರದಿ ಕೊನೆಗೆ. ಹಾಗಾಗಿ ಸಾಮಾನ್ಯ ಒತ್ತಿನಲ್ಲಿ ಪೈನ್‌ಗಳ ಎತ್ತರ ಅಷ್ಟೇನೂ ಕಮ್ಮಿಯಾಗಲ್ಲ, ಸುತ್ತಳತೆ ಮಾತ್ರ ಬಡವಾಗುತ್ತೆ. ಲಾಡ್ಜ್‌ಪೋಲ್‌ನದ್ದು ವಿಚಿತ್ರ: ಅತಿಯಾದ ಒತ್ತಿನಲ್ಲಿ ಎತ್ತರವೂ ನಿಂತುಬಿಡುತ್ತೆ. 70 ವರ್ಷವಾದ್ರೂ ಆಳೆತ್ತರ ಬರದೆ, ಬುಡದಲ್ಲಿ ಹೆಬ್ಬೆರಳಿನಷ್ಟೇ ದಪ್ಪ ಇದ್ದ ಮರಗಳ ದಾಖಲೆ ಇದೆ.

1933ರಲ್ಲಿ ರೀನೆಕೆ ಎಂಬ ಅರಣ್ಯ ವಿಜ್ಞಾನಿ ಇದಕ್ಕೊಂದು ಲೆಕ್ಕ ಕೊಟ್ಟರು. ಮರಗಳ ಸರಾಸರಿ ವ್ಯಾಸ ಎರಡು ಪಟ್ಟಾದರೆ, ಅದೇ ಜಾಗ ಹಿಡಿಸೋ ಮರಗಳ ಸಂಖ್ಯೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತೆ. ಉಳಿದವು ಸಾಯಲೇಬೇಕು. ಉದ್ಯಾನದಲ್ಲಿ ಅವು ತಾವಾಗೇ ಸಾಯುತ್ತವೆ, ನಿಧಾನಕ್ಕೆ. ಮರಮಟ್ಟಿಗಾಗಿ ಬೆಳೆಸೋ ಕಾಡಲ್ಲಿ ಅಷ್ಟು ಕಾಯೋಕಾಗಲ್ಲ, ಥಿನ್ನಿಂಗ್ ಮಾಡ್ತಾರೆ. ಎಳೆ ಮರ ಕಡೀತಾರಲ್ಲ ಅಂತ ಸಿಟ್ಟು ಬರುತ್ತೆ, ನಿಜ. ರಾಗಿ ಹೊಲದಲ್ಲಿ ಕುಂಟೆ ಹೊಡೆದು ಪೈರು ತೆಳುವು ಮಾಡೋದನ್ನ ನೋಡಿದವರು ಅಷ್ಟು ಬೇಗ ಸಿಟ್ಟಾಗಲ್ಲ.

ಇದರಲ್ಲಿ ಹೊತ್ತು ಮೀರಬಾರದು. ನೆರಳಿಗೆ ಕೆಳಗಿನ ಕೊಂಬೆಗಳು ಒಣಗ್ತಾ ಹೋಗಿ, ಹಸಿರು ತಲೆ ಮರದ ಎತ್ತರದ ಮೂರನೇ ಒಂದಕ್ಕಿಂತ ಕಮ್ಮಿಯಾದ್ರೆ, ಆಮೇಲೆ ಜಾಗ ಬಿಟ್ಟುಕೊಟ್ರೂ ಮರ ಬೇಗ ಚೇತರಿಸಿಕೊಳ್ಳಲ್ಲ. ಆಸರೆ ತಪ್ಪಿದ ಸಪೂರ ಕಾಂಡ ಗಾಳಿಗೋ ಹಿಮಕ್ಕೋ ಬಾಗಿಬಿಡುತ್ತೆ.

ದೆಹಲಿಯಲ್ಲಿರೋರು ಉತ್ತರಾಖಂಡಕ್ಕೆ ಹೋದಾಗ ಚೀಡ್ ಪೈನ್‌ಗಳನ್ನ ಗಮನಿಸಿ. ಕಾಡಿನ ಅಂಚಿನ ಮರವನ್ನೂ ಒಳಗಿನದನ್ನೂ ಹೋಲಿಸಿ, ಹಸಿರು ಎಲ್ಲಿಂದ ಶುರುವಾಗುತ್ತೆ ಅಂತ. ಅಲ್ಲಿ ಬೆಂಕಿಯೂ ಕೆಳಗಿನ ಕೊಂಬೆ ಸುಡುತ್ತೆ, ಅದನ್ನ ಮರೀಬೇಡಿ. ಮತ್ತೆ ಸಿಗೋಣ.